ಗಾಳಿಪಟದ ಅಳತೆ, ದಾರದ ಉದ್ದ: ಹೈಡ್ರೋಫಾಯಿಲ್ ಕೈಟ್‌ಬೋರ್ಡಿಂಗ್‌ನ ಒಂದು ಲೆಕ್ಕಾಚಾರ

2024ರ ಆಗಸ್ಟ್ 9ರಂದು, ತನ್ನ ನಾಡಿನ ರಾಷ್ಟ್ರೀಯ ದಿನದಂದೇ, ಸಿಂಗಪುರದ ಹದಿನೇಳರ ಹರೆಯದ ಮ್ಯಾಕ್ಸ್ ಮೇಡರ್ ಎಂಬ ತರುಣ ಒಲಿಂಪಿಕ್ ಕಂಚಿನ ಪದಕ ಗೆದ್ದ ಸುದ್ದಿಯನ್ನು ಓದುಗರಲ್ಲಿ ಹಲವರು ಗಮನಿಸಿರಬಹುದು. ಆತ ಗೆದ್ದದ್ದು ಗಾಳಿಪಟದಿಂದ. ಪ್ಯಾರಿಸ್ ಒಲಿಂಪಿಕ್ಸ್‌ನ ಅಂಗವಾಗಿ ಫ್ರಾನ್ಸಿನ ದಕ್ಷಿಣ ತೀರದ ಮಾರ್ಸೇಲ್ ನಗರದಲ್ಲಿ ನಡೆದ ‘ಫಾರ್ಮುಲಾ ಕೈಟ್’ ಸ್ಪರ್ಧೆಯಲ್ಲಿ ಆಸ್ಟ್ರಿಯಾದ ವ್ಯಾಲೆಂಟಿನ್ ಬೊಂಟುಸ್ ಚಿನ್ನವನ್ನೂ, ಸ್ಲೊವೇನಿಯಾದ ಟೋನಿ ವೊಡಿಶೆಕ್ ಬೆಳ್ಳಿಯನ್ನೂ ಪಡೆದರು. ಅದರ ಹಿಂದಿನ ದಿನ ಮಹಿಳೆಯರ ವಿಭಾಗದಲ್ಲಿ ಬ್ರಿಟನ್ನಿನ ಎಲೀ ಆಲ್ಡ್ರಿಜ್ ಚಿನ್ನ ಗೆದ್ದಿದ್ದರು. ಈ ಆಟ ಒಲಿಂಪಿಕ್ಸ್‌ನ ಅಂಗಳವನ್ನು ಪ್ರವೇಶಿಸಿದ್ದು ಅದೇ ಮೊದಲು.

ಆಷಾಢದ ಗಾಳಿಗೆ ಊರ ಹೊರಗಿನ ಬಯಲಿನಲ್ಲಿ ಸೂತ್ರ ಕಟ್ಟಿ, ಬಾಲಂಗೋಚಿ ಅಂಟಿಸಿ ಪಟ ಹಾರಿಸಿದ ಬಾಲ್ಯ ನಮ್ಮದು. ಮುಂಬಯಿ, ಪುಣೆ, ಹೈದರಾಬಾದುಗಳಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಗಾಳಿಪಟವೆಂದರೆ ಸಂಕ್ರಾಂತಿಯ ಮಾಳಿಗೆ. ಅದೇ ಪಟ ಮನುಷ್ಯನನ್ನು ನೀರಿನ ಮೇಲೆ ಎಳೆದೊಯ್ಯುವ ಕ್ರೀಡೆಯಾಗಿ ಬೆಳೆದಿರುವುದು ನಮ್ಮಂಥವರಿಗೆ ಸೋಜಿಗವೇ ಸರಿ. ಆದರೆ ಸೋಜಿಗಪಟ್ಟು ಸುಮ್ಮನಾಗುವ ಕಾಲ ಕಳೆದಿದೆ. ಈ ಆಟ ಈಗ ನಮ್ಮ ಮನೆಗಳೊಳಗೂ ಕಾಲಿಟ್ಟಿದೆ.

ಚೆನ್ನೈಯಲ್ಲಿ ನೆಲೆಸಿರುವ ನಮ್ಮ ತಮ್ಮನ ಮಗ ಎರಡು ವರ್ಷಗಳಿಂದ ರಾಮೇಶ್ವರದ ಕಡಲಿನಲ್ಲಿ ಇದನ್ನು ಅಭ್ಯಾಸ ಮಾಡುತ್ತಿದ್ದಾನೆ. ಕಳೆದ ಬೇಸಿಗೆಯಲ್ಲಿ ಒಂದು ಸಂಜೆ ಅವನು ದಡಕ್ಕೆ ಮರಳಿದ್ದು ತನ್ನ ಪಟದಿಂದಲ್ಲ, ಮೀನುಗಾರರ ದೋಣಿಯಿಂದ. ಪೆಟ್ಟೇನೂ ಆಗಿರಲಿಲ್ಲ, ಪಟವೂ ಹರಿದಿರಲಿಲ್ಲ. “ದೊಡ್ಡಪ್ಪ, ಗಾಳಿ ಇಳೀತಾ ಇದೆ ಅನ್ನೋದೇ ನನಗೆ ಗೊತ್ತಾಗಲಿಲ್ಲ” ಎಂದು ಅವನು ಆಮೇಲೆ ದೂರವಾಣಿಯಲ್ಲಿ ಹೇಳಿದ. ಎರಡು ವರ್ಷ ಗಾಳಿಯೊಡನೆ ಆಡಿದವನಿಗೆ ಗಾಳಿ ಇಳಿದದ್ದು ತಿಳಿಯದೆ ಹೋದದ್ದು ಹೇಗೆ? ಆ ಪ್ರಶ್ನೆಯ ಬೆನ್ನು ಹತ್ತಿ ಅವನೊಡನೆ ಕಾಗದ ಪೆನ್ಸಿಲು ಹಿಡಿದು ಕುಳಿತಾಗ ನಮಗೆ ತಿಳಿದುಬಂದ ಸಂಗತಿಗಳನ್ನು ಇಲ್ಲಿ ನಿರೂಪಿಸುತ್ತಿದ್ದೇವೆ. ಆಡುವ ಮಕ್ಕಳಿಗೆ ಇದರಲ್ಲಿ ಕೆಲವಾದರೂ ಹೊಸದಾಗಿರಬಹುದು. ಪಟ ಕೊಡಿಸುವ ಹಿರಿಯರಿಗಂತೂ ತಿಳಿದಿರಲೇಬೇಕು.

ನೀರಿನೊಳಗಿನ ರೆಕ್ಕೆ

ಮೊದಲು ಸಲಕರಣೆಯ ಪರಿಚಯ. ಆಟಗಾರ ಸೊಂಟಕ್ಕೆ ಪಟ್ಟಿ ಬಿಗಿದು, ಅದರ ಕೊಕ್ಕೆಗೆ ಪಟದ ಎಳೆತವನ್ನು ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಅಡ್ಡಕೋಲನ್ನು ಹಿಡಿದಿರುತ್ತಾನೆ. ಇದಕ್ಕೆ ‘ಬಾರ್’ ಎನ್ನುತ್ತಾರೆ. ಸಾಮಾನ್ಯವಾಗಿ ಬಾರಿನಿಂದ ಪಟದವರೆಗೆ ನಾಲ್ಕು ದಾರಗಳಿರುತ್ತವೆ. ಮುಂದಿನ ಎರಡು ಎಳೆತದ ಬಹುಪಾಲನ್ನು ಹೊರುತ್ತವೆ, ಹಿಂದಿನ ಎರಡು ಪಟವನ್ನು ತಿರುಗಿಸುತ್ತವೆ. ನಮ್ಮ ಸಂಕ್ರಾಂತಿಯ ಮಾಂಜಾಕ್ಕೂ ಇದಕ್ಕೂ ಸಂಬಂಧವಿಲ್ಲ. ಡೈನೀಮಾದಂತಹ ಅತಿ ಗಟ್ಟಿಯಾದ ಕೃತಕ ಎಳೆಗಳಿಂದ ಹೆಣೆದ, ಎರಡು ಮಿಲಿಮೀಟರಿಗಿಂತಲೂ ಸಣ್ಣಗಿರುವ ಈ ದಾರ ಒಬ್ಬ ಮನುಷ್ಯನ ತೂಕದ ಹಲವು ಪಟ್ಟು ಎಳೆತವನ್ನು ತಾಳಬಲ್ಲದು.

ಪಟದ ಮುಂಭಾಗದ ಅಂಚು ಗಾಳಿ ತುಂಬಿದ ಕೊಳವೆ. ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಬ್ರೂನೋ ಮತ್ತು ಡೊಮಿನಿಕ್ ಲೆಗೆನ್ಯೂ ಸಹೋದರರು 1984ರಲ್ಲಿ ಇಂತಹ ಪಟಕ್ಕೆ ಪೇಟೆಂಟ್ ಪಡೆಯಲು ಅರ್ಜಿ ಸಲ್ಲಿಸಿದರು. ನೀರಿನಲ್ಲಿ ಬಿದ್ದ ಪಟ ಮುಳುಗದೆ ತೇಲಬೇಕು, ಮತ್ತೆ ಮೇಲೇಳಬೇಕು ಎಂಬುದೇ ಅವರ ಉದ್ದೇಶವಾಗಿತ್ತು. ಈ ಆಟದ ಹುಟ್ಟಿನಲ್ಲೇ ‘ಬಿದ್ದರೆ ಏಳುವುದು ಹೇಗೆ’ ಎಂಬ ಪ್ರಶ್ನೆಯಿದೆ ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು.

ಇನ್ನು ಹೈಡ್ರೋಫಾಯಿಲ್. ಹಲಗೆಯ ಅಡಿಯಲ್ಲಿ ಒಂದು ಮೀಟರಿನ ಆಸುಪಾಸಿನ ಉದ್ದದ ಕಂಬ. ಅದರ ತುದಿಯಲ್ಲಿ ವಿಮಾನದ ರೆಕ್ಕೆಯನ್ನು ಹೋಲುವ ಪುಟ್ಟ ರೆಕ್ಕೆ, ಹಿಂದೆ ಇನ್ನೂ ಸಣ್ಣದೊಂದು ರೆಕ್ಕೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದರಿಂದ, ಒಂದು ತಟ್ಟೆಯಷ್ಟು ವಿಸ್ತಾರದ ರೆಕ್ಕೆಯೂ ಸಾಕಷ್ಟು ವೇಗ ಬಂದೊಡನೆ ಆಳನ್ನು ಹಲಗೆಸಮೇತ ನೀರಿನಿಂದ ಮೇಲಕ್ಕೆತ್ತುತ್ತದೆ. ಇಟಲಿಯ ಎನ್ರಿಕೊ ಫೋರ್ಲಾನಿನಿ ಎಂಬ ಎಂಜಿನಿಯರ್ 1906ರಲ್ಲೇ ಮಜೊರೆ ಸರೋವರದಲ್ಲಿ ದೋಣಿಗೆ ಇದನ್ನು ಅಳವಡಿಸಿ ಪರೀಕ್ಷಿಸಿದ್ದರು. ಹಲಗೆ ನೀರನ್ನು ಬಿಟ್ಟು ಮೇಲೆದ್ದಾಗ ನೀರಿನ ತಡೆ ಬಹಳ ಮಟ್ಟಿಗೆ ಕುಗ್ಗುತ್ತದೆ. ಆದ್ದರಿಂದ ಫಾಯಿಲ್ ಸವಾರನಿಗೆ ಅಲ್ಪ ಎಳೆತ ಸಾಕು. ಗಾಳಿಗಿಂತಲೂ ವೇಗವಾಗಿ ಅವನು ಸಾಗಬಲ್ಲ.

ಪಟದ ಗಾತ್ರ: ಎಷ್ಟು ಚಿಕ್ಕದು?

ಗಾಳಿಯ ಒತ್ತಡವು ಅದರ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಾಳಿ 10 ನಾಟ್‌ನಿಂದ 14 ನಾಟ್‌ಗೆ ಏರಿದರೆ ವೇಗ ಏರಿದ್ದು ಶೇಕಡಾ 40, ಎಳೆತ ಮಾತ್ರ ಹೆಚ್ಚುಕಡಿಮೆ ಇಮ್ಮಡಿ. (ಒಂದು ನಾಟ್ ಎಂದರೆ ಗಂಟೆಗೆ 1.85 ಕಿಲೋಮೀಟರ್.) ಆದಕಾರಣ ಒಂದೇ ಪಟ ಎಲ್ಲ ದಿನಕ್ಕೂ ಒದಗುವುದಿಲ್ಲ.

ಸಾಧಾರಣ ಹಲಗೆಯ ಮೇಲೆ ಆಡುವವರು ಬಳಸುವ ಸ್ಥೂಲ ಸೂತ್ರವೊಂದಿದೆ: ಆಟಗಾರನ ತೂಕವನ್ನು ಕಿಲೋಗ್ರಾಮಿನಲ್ಲಿ ತೆಗೆದುಕೊಂಡು, ನಾಟ್ ಲೆಕ್ಕದ ಗಾಳಿಯಿಂದ ಭಾಗಿಸಿ, 2.2ರಿಂದ ಗುಣಿಸಬೇಕು. 75 ಕಿಲೋ ತೂಕದವನಿಗೆ 15 ನಾಟ್ ಗಾಳಿಯಲ್ಲಿ 11 ಚದರ ಮೀಟರಿನ ಪಟ ಎಂದು ಉತ್ತರ ಬರುತ್ತದೆ. ಫಾಯಿಲ್ ಮೇಲೆ ನಿಲ್ಲಬಲ್ಲವನಿಗೆ ಇದರ ಅರ್ಧದಿಂದ ಮೂರನೇ ಎರಡು ಭಾಗದವರೆಗಿನ ಪಟ ಸಾಕಾಗುತ್ತದೆ. ಅದೇ 75 ಕಿಲೋದ ಸವಾರನಿಗೆ ಅಂದಾಜು ಹೀಗೆ:

10 ನಾಟ್ ಗಾಳಿಗೆ: 9ರಿಂದ 11 ಚದರ ಮೀಟರ್
15 ನಾಟ್ ಗಾಳಿಗೆ: 6ರಿಂದ 7 ಚದರ ಮೀಟರ್
20 ನಾಟ್ ಗಾಳಿಗೆ: 4.5ರಿಂದ 5.5 ಚದರ ಮೀಟರ್

ಇದು ಆರಂಭದ ಅಂದಾಜು ಮಾತ್ರ, ಶಾಸನವಲ್ಲ. ನೀರಿನೊಳಗಿನ ರೆಕ್ಕೆ ದೊಡ್ಡದಾದರೆ ಅದು ಕಡಿಮೆ ವೇಗದಲ್ಲೇ ಎತ್ತುತ್ತದೆ, ಪಟ ಇನ್ನೂ ಚಿಕ್ಕದಾಗಬಹುದು. ರೆಕ್ಕೆ ಚಿಕ್ಕದಾದರೆ ಇದಕ್ಕೆ ವಿರುದ್ಧ. ಕಲಿಯುವವನು ಮತ್ತೆ ಮತ್ತೆ ಬೀಳುತ್ತಾನೆ, ಪ್ರತಿ ಸಲವೂ ನೀರಿನಿಂದ ಏಳಬೇಕಾಗುತ್ತದೆ. ಅವನಿಗೆ ನುರಿತವನಿಗಿಂತ ಒಂದು ಅಳತೆ ದೊಡ್ಡ ಪಟ ಅನುಕೂಲ.

ಒಲಿಂಪಿಕ್ಸ್‌ನಲ್ಲಿ ಗಾಳಿ ಮಂದವಾದಾಗ ಪುರುಷರು 20 ಚದರ ಮೀಟರಿಗೂ ಮೀರಿದ ಪಟಗಳನ್ನು ಹಾರಿಸಿದ್ದನ್ನು ಕಂಡವರು ‘ಚಿಕ್ಕ ಪಟ ಸಾಕೆಂಬ ಮಾತೇಕೆ’ ಎಂದು ಕೇಳಬಹುದು. ಅದು ಪಂದ್ಯದ ಮಾತು. ಅವರದು ಗಾಳಿಯೂದಿದ ಕೊಳವೆಯ ಪಟವಲ್ಲ; ಪ್ಯಾರಾಗ್ಲೈಡರ್‌ನಂತೆ ಬಟ್ಟೆಯ ಗೂಡುಗಳಲ್ಲಿ ಗಾಳಿ ತುಂಬಿಕೊಳ್ಳುವ ಜಾತಿ. ಗಾಳಿಗೆದುರಾಗಿ ಗರಿಷ್ಠ ವೇಗದಲ್ಲಿ ನುಗ್ಗುವುದೊಂದೇ ಅವರ ಗುರಿ, ಸುತ್ತಲೂ ರಕ್ಷಣಾ ದೋಣಿಗಳಿರುತ್ತವೆ. ವಾರಾಂತ್ಯದಲ್ಲಿ ಒಬ್ಬನೇ ಕಡಲಿಗಿಳಿಯುವ ಹುಡುಗನಿಗೆ ಅವರ ಪಟದ ಗಾತ್ರವಾಗಲಿ ದಾರದ ಉದ್ದವಾಗಲಿ ಮಾದರಿಯಾಗಲಾರದು.

ದಾರದ ಉದ್ದ: ಎತ್ತರಕ್ಕಲ್ಲ, ಓಡಾಟಕ್ಕೆ

ಬಾಲ್ಯದಲ್ಲಿ ದಾರ ಬಿಟ್ಟಷ್ಟೂ ಪಟ ಮೇಲೇರುತ್ತಿತ್ತು. ಉದ್ದ ದಾರವೆಂದರೆ ಹಿರಿಮೆ. ಆ ಸಂಸ್ಕಾರದಿಂದಲೇ ಹಲವರು ಇಲ್ಲಿಯೂ ‘ದಾರ ಉದ್ದವಾದಷ್ಟೂ ಒಳ್ಳೆಯದು’ ಎಂದುಕೊಳ್ಳುತ್ತಾರೆ. ಕೈಟ್‌ಬೋರ್ಡಿಂಗ್‌ನಲ್ಲಿ ವಾಡಿಕೆಯ ದಾರ 20ರಿಂದ 24 ಮೀಟರ್. ಫಾಯಿಲ್ ಸವಾರರು 15ರಿಂದ 20, ಕೆಲವೊಮ್ಮೆ 10ರಿಂದ 12 ಮೀಟರಿಗೂ ಇಳಿಯುತ್ತಾರೆ. ಕಾರಣವೇನು?

ಗಾಳಿಗೆ ಬೆನ್ನು ಮಾಡಿ ನಿಂತವನ ಮುಂದೆ ಅರ್ಧ ಗುಮ್ಮಟದಂಥ ಒಂದು ಆಕಾಶವಿದೆ ಎಂದು ಕಲ್ಪಿಸಿಕೊಳ್ಳಿ. ಪಟ ಓಡಾಡುವುದು ಆ ಗುಮ್ಮಟದ ಒಳಮೈಯ ಮೇಲೆ. ಗುಮ್ಮಟದ ತ್ರಿಜ್ಯವೇ ದಾರದ ಉದ್ದ. 24 ಮೀಟರಿನ ದಾರವಿದ್ದರೆ ನೆತ್ತಿಯಿಂದ ನೀರಿನಂಚಿಗೆ ಇಳಿಯಲು ಪಟ ಸುಮಾರು 38 ಮೀಟರ್ ಕ್ರಮಿಸಬೇಕು. 12 ಮೀಟರಾದರೆ 19 ಮೀಟರ್. ಪಟ ನಿಂತಲ್ಲಿ ನಿಂತಾಗಿನ ಎಳೆತಕ್ಕಿಂತ ಅದು ಗಾಳಿಯನ್ನು ಸೀಳುತ್ತ ಓಡುವಾಗಿನ ಎಳೆತ ಬಹಳ ಹೆಚ್ಚು. ಉದ್ದ ದಾರದಲ್ಲಿ ಆ ಓಟ ದೀರ್ಘ, ಆದ್ದರಿಂದ ಎಳೆತ ಹೆಚ್ಚು ಹೊತ್ತು ಒದಗುತ್ತದೆ. ಮಂದಗಾಳಿಯಲ್ಲಿ ನೀರಿನಿಂದ ಮೇಲೇಳಲು ಇದೇ ಆಧಾರ. ಗಿಡ್ಡ ದಾರದಲ್ಲಿ ಎಳೆತ ಚಿಕ್ಕ ಜಗ್ಗಾಟದಂತೆ ಬಂದು ಮುಗಿಯುತ್ತದೆ, ಆದರೆ ಪಟ ಕೈಯ ಮಾತನ್ನು ತಕ್ಷಣ ಕೇಳುತ್ತದೆ.

ಫಾಯಿಲ್ ಹಲಗೆ ಬಲು ಚಿಕ್ಕ ಜಾಗದಲ್ಲಿ ದಿಕ್ಕು ಬದಲಿಸಬಲ್ಲದು. ಹಲಗೆ ತಿರುಗಿ ಮುಗಿದರೂ ಪಟ ಇನ್ನೂ ಆಕಾಶದ ಆಚೆ ಬದಿಯಲ್ಲೇ ತಡವರಿಸುತ್ತಿದ್ದರೆ ಸವಾರ ತನ್ನ ಪಟದತ್ತಲೇ ಓಡಿದಂತಾಗಿ ದಾರ ಸಡಿಲವಾಗುತ್ತದೆ. ಸಡಿಲ ದಾರ ನೀರಿಗೆ ಬಿದ್ದು ಫಾಯಿಲ್‌ನ ಕಂಬಕ್ಕೆ ಸುತ್ತಿಕೊಳ್ಳುವ ಅಪಾಯವೂ ಇದೆ. ಆದ್ದರಿಂದಲೇ ತಿರುವುಗಳನ್ನೂ ಅಲೆಗಳನ್ನೂ ಪ್ರೀತಿಸುವವರು ಗಿಡ್ಡ ದಾರವನ್ನು ಮೆಚ್ಚುತ್ತಾರೆ.

ಎರಡನೆಯ ಸಂಗತಿ, ದಾರ ಸ್ವತಃ ಗಾಳಿಗೆ ಒಡ್ಡುವ ತಡೆ. 24 ಮೀಟರಿನ ನಾಲ್ಕು ದಾರಗಳು ಸೇರಿ 96 ಮೀಟರ್, ದಪ್ಪ 1.8 ಮಿಲಿಮೀಟರ್ ಎಂದುಕೊಂಡರೂ ಗಾಳಿಗೆ ಎದುರಾಗುವ ವಿಸ್ತಾರ 0.17 ಚದರ ಮೀಟರ್. ನೋಡಲು ಅಲ್ಪ, ಆದರೆ ಗುಂಡನೆಯ ದಾರ ರೆಕ್ಕೆಯಂತೆ ನಯವಾಗಿ ಗಾಳಿಯನ್ನು ಸೀಳುವುದಿಲ್ಲ. 12 ಚದರ ಮೀಟರಿನ ಪಟಕ್ಕೆ ಇದು ಗಮನಕ್ಕೆ ಬಾರದಿದ್ದರೂ 5 ಚದರ ಮೀಟರಿನ ಪುಟ್ಟ ಪಟಕ್ಕೆ ಹೊರೆಯೇ ಆಗುತ್ತದೆ.

ಮೂರನೆಯದು, ಎತ್ತರದ ಗಾಳಿ. ನೀರಿನ ಮೈಗೆ ತಾಗಿದಂತೆ ಗಾಳಿ ನಿಧಾನ, ಮೇಲೇರಿದಂತೆ ವೇಗ. ತೆರೆದ ಕಡಲಿನ ಮೇಲೆ ಎತ್ತರ ಇಮ್ಮಡಿಯಾದರೆ ಗಾಳಿ ಸುಮಾರು ಶೇಕಡಾ 8ರಷ್ಟು ಹೆಚ್ಚುತ್ತದೆ ಎಂಬುದು ಸಾಮಾನ್ಯ ಲೆಕ್ಕ. ಎಳೆತದಲ್ಲಿ ಅದು ಶೇಕಡಾ 16ರ ಆಸುಪಾಸು. ಗಾಳಿ ಬಲವಾಗಿರುವಾಗ ಈ ಲಾಭ ಬೇಕಿಲ್ಲ. 8 ಅಥವಾ 9 ನಾಟ್ ಗಾಳಿಯಲ್ಲಿ ಮೇಲೇಳುವುದಕ್ಕೂ ಏಳದಿರುವುದಕ್ಕೂ ಇರುವ ವ್ಯತ್ಯಾಸವೇ ಇದಾಗಬಹುದು.

ಒಟ್ಟಿನಲ್ಲಿ, ದಾರ ಉದ್ದವಾದಷ್ಟೂ ಎಳೆತಕ್ಕೆ ಒದಗುತ್ತದೆ, ಗಿಡ್ಡವಾದಷ್ಟೂ ಚುರುಕಿಗೆ ಒದಗುತ್ತದೆ. ಎಳೆತ ಕಡಿಮೆಯಿರುವುದರಿಂದಲೇ ಅನೇಕ ತರಬೇತಿ ಶಾಲೆಗಳಲ್ಲಿ ಹೊಸಬರಿಗೆ ಮೊದಲ ಪಾಠವನ್ನು ಗಿಡ್ಡ ದಾರದಲ್ಲೇ ಹೇಳಿಕೊಡುತ್ತಾರೆ.

ಬಚ್ಚಿಟ್ಟುಕೊಂಡ ಗಾಳಿ

ಈಗ ನಮ್ಮ ಹುಡುಗನ ಸಂಜೆಗೆ ಮರಳೋಣ. ತೂಕ 75 ಕಿಲೋ. ಮಧ್ಯಾಹ್ನ ಮೂರರ ಹೊತ್ತಿಗೆ ಗಾಳಿ 14 ನಾಟ್. ಅವನು ಆರಿಸಿಕೊಂಡದ್ದು 6 ಚದರ ಮೀಟರಿನ ಪಟ, 20 ಮೀಟರಿನ ದಾರ. ಮೇಲಿನ ಲೆಕ್ಕದ ಪ್ರಕಾರ ಇದರಲ್ಲಿ ತಪ್ಪೇನೂ ಇಲ್ಲ. ಸಂಜೆ ಐದೂವರೆಯ ವೇಳೆಗೆ ಗಾಳಿ 8 ನಾಟ್‌ಗೆ ಇಳಿದಿತ್ತು. ಆದರೂ ಅವನು ಸುಖವಾಗಿ ತೇಲುತ್ತಲೇ ಇದ್ದ.

ಇಲ್ಲಿಯೇ ಫಾಯಿಲ್‌ನ ಮರ್ಮ ಅಡಗಿದೆ. ಸೈಕಲ್ ತುಳಿಯುವವನಿಗೆ ಗಾಳಿಯಿಲ್ಲದ ದಿನವೂ ಮುಖಕ್ಕೆ ಗಾಳಿ ಹೊಡೆಯುತ್ತದಲ್ಲವೆ? ಹಾಗೆಯೇ ಸವಾರನ ಚಲನೆಯೂ ಒಂದು ಗಾಳಿಯನ್ನು ಹುಟ್ಟಿಸುತ್ತದೆ. ಪಟಕ್ಕೆ ತಾಗುವುದು ನಿಜವಾದ ಗಾಳಿ ಮತ್ತು ಈ ಹುಟ್ಟಿದ ಗಾಳಿ ಎರಡೂ ಕೂಡಿದ್ದು. 8 ನಾಟ್ ಗಾಳಿಗೆ ಅಡ್ಡವಾಗಿ 12 ನಾಟ್ ವೇಗದಲ್ಲಿ ಅವನು ಸಾಗುತ್ತಿದ್ದರೆ, ಪೈಥಾಗೊರಸನ ಸೂತ್ರದಂತೆ, ಪಟಕ್ಕೆ ತಾಗುವ ಗಾಳಿ 14 ನಾಟ್‌ಗೂ ತುಸು ಹೆಚ್ಚು. ಮಧ್ಯಾಹ್ನ ದಡದಲ್ಲಿ ನಿಂತು ಅಳೆದ ಗಾಳಿಯಷ್ಟೇ! ಕೈಗೆ ಬರುತ್ತಿದ್ದ ಎಳೆತದಲ್ಲಿ ಅವನಿಗೆ ಏನೂ ವ್ಯತ್ಯಾಸ ಕಾಣದೆ ಹೋದದ್ದು ಆಶ್ಚರ್ಯವಲ್ಲ. ಸಾಧಾರಣ ಹಲಗೆಯಾಗಿದ್ದರೆ ಅದು ಎಂದೋ ನೀರಿಗೆ ಕುಸಿದು ‘ಮನೆಗೆ ನಡೆ’ ಎಂದು ಎಚ್ಚರಿಸುತ್ತಿತ್ತು. ಫಾಯಿಲ್ ಎಚ್ಚರಿಸಲಿಲ್ಲ.

ಒಂದು ತಿರುವಿನಲ್ಲಿ ಅವನು ಬಿದ್ದ. ಬಿದ್ದ ಕ್ಷಣಕ್ಕೆ ಅವನ ಚಲನೆ ಹುಟ್ಟಿಸಿದ್ದ ಗಾಳಿ ಮಾಯವಾಯಿತು. ಉಳಿದದ್ದು ಬರಿಯ 8 ನಾಟ್. ಎಳೆತ ಮೂರನೇ ಒಂದು ಭಾಗಕ್ಕಿಂತಲೂ ಕೆಳಗಿಳಿಯಿತು. ಪಟ ನೀರಿಗೆ ಬಿತ್ತು, ಎಷ್ಟು ಜಗ್ಗಿದರೂ ಏಳಲಿಲ್ಲ. ಕೊಳವೆಯ ಪಟ, ಅದರಲ್ಲೂ ಚಿಕ್ಕದು, ಇಷ್ಟು ಮಂದ ಗಾಳಿಯಲ್ಲಿ ನೀರಿನಿಂದ ಏಳುವುದು ಬಲು ಕಷ್ಟ. ರಾಮೇಶ್ವರ ದ್ವೀಪದಲ್ಲಿ ಬೇಸಿಗೆಯ ಗಾಳಿ ನೈಋತ್ಯದಿಂದ ಬೀಸುತ್ತದೆ. ಅವನಿದ್ದ ಉತ್ತರದ ಪಾಕ್ ಕೊಲ್ಲಿಯ ಬದಿಯಲ್ಲಿ ಅದು ದಡದಿಂದ ಕಡಲಿನತ್ತ ಹೋಗುವ ಗಾಳಿ. ನೀರು ಅಲೆಯಿಲ್ಲದೆ ಹಾಸಿದಂತಿರುತ್ತದೆ ಎಂದೇ ಆಟಗಾರರು ಆ ಬದಿಯನ್ನು ಇಷ್ಟಪಡುತ್ತಾರೆ. ಬಿದ್ದವನನ್ನು ಮಾತ್ರ ಅದು ದಡದಿಂದ ದೂರಕ್ಕೇ ತಳ್ಳುತ್ತದೆ. ಮೀನುಗಾರರ ಕಣ್ಣಿಗೆ ಬೀಳದಿದ್ದರೆ ಏನಾಗುತ್ತಿತ್ತೋ, ಊಹಿಸಲು ಮನಸ್ಸು ಬಾರದು.

ಹಾಗಾದರೆ ಆಯ್ಕೆ ಹೇಗೆ?

ಅಂದು ರಾತ್ರಿ ನಾವು ತಲುಪಿದ ತೀರ್ಮಾನ ಸರಳವಾದದ್ದು. ಪಟದ ಗಾತ್ರವನ್ನು ತೇಲುವಾಗಿನ ಗಾಳಿಗಲ್ಲ, ಬಿದ್ದಾಗಿನ ಗಾಳಿಗೆ ಆರಿಸಬೇಕು. ದಾರದ ಉದ್ದವನ್ನು ತೇಲುವಾಗಿನ ಸುಖಕ್ಕೆ ಹೊಂದಿಸಿಕೊಳ್ಳಬಹುದು.

ಎಂದರೆ, ಗಾಳಿ ಇಳಿಯುವ ಸಂಭವವಿರುವ ಸಂಜೆ 6 ಚದರ ಮೀಟರಿನ ಪಟವನ್ನು 20 ಮೀಟರ್ ದಾರದಲ್ಲಿ ಹಾರಿಸುವ ಬದಲು, 8 ಅಥವಾ 9ರ ಪಟವನ್ನು 15 ಮೀಟರ್ ದಾರದಲ್ಲಿ ಹಾರಿಸಬಹುದು. ಗಾಳಿ ಬಲವಾಗಿರುವಾಗ ಗಿಡ್ಡ ದಾರ ದೊಡ್ಡ ಪಟದ ಅಬ್ಬರವನ್ನು ತಗ್ಗಿಸಿ, ದೊಡ್ಡ ಪಟಕ್ಕೆ ಸಹಜವಾದ ನಿಧಾನವನ್ನೂ ಸ್ವಲ್ಪ ಸರಿದೂಗಿಸುತ್ತದೆ. ಗಾಳಿ ಇಳಿದಾಗ ಹೆಚ್ಚಿನ ವಿಸ್ತಾರ ನೀರಿನಿಂದ ಏಳಲು ನೆರವಾಗುತ್ತದೆ. ಇದಕ್ಕೂ ಮಿತಿಯಿದೆ; ಅತಿ ದೊಡ್ಡ ಪಟದ ಭಾರವೇ ಅದನ್ನು ನೀರಿನಲ್ಲಿ ಕೂರಿಸಿಬಿಡುತ್ತದೆ. ಅಡ್ಡಕೊಳವೆಗಳು ಕಡಿಮೆಯಿರುವ ಹಗುರ ಪಟಗಳು ಮಂದಗಾಳಿಯ ಫಾಯಿಲ್‌ಗೆ ಮೇಲು.

ದಡದ ಕಡೆಗೇ ಬೀಸುವ ಸ್ಥಿರ ಗಾಳಿ, ಜೊತೆಗಾರರು, ಬಿದ್ದರೆ ಈಜಿ ಸೇರಬಹುದಾದ ಅಂತರ, ಇಷ್ಟೂ ಇದ್ದಾಗ ನುರಿತವನು ಚಿಕ್ಕ ಪಟಕ್ಕೆ ಉದ್ದ ದಾರ ಕಟ್ಟಿ ಆಡಲಿ. ಆ ಜೋಡಿಯ ಸೊಗಸೇ ಬೇರೆ: ಮೇಲೇಳಲು ದೀರ್ಘ ಓಟದ ಎಳೆತ, ಎದ್ದ ಮೇಲೆ ಇದೆಯೋ ಇಲ್ಲವೋ ಎಂಬಷ್ಟು ಹಗುರ ಪಟ.

ಕೊಳ್ಳುವ ಹಿರಿಯರಿಗೆ ಒಂದು ಸೂಚನೆ. ಪ್ರತಿ ಗಾಳಿಗೂ ಒಂದು ಪಟ ಕೊಳ್ಳುತ್ತ ಹೋದರೆ ಖರ್ಚಿಗೆ ಕೊನೆಯಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಎರಡು ಪಟ, 15 ಮೀಟರಿನ ಒಂದು ದಾರದ ಜೋಡಿ, ಅದಕ್ಕೆ ಕೂಡಿಸಬಹುದಾದ 5 ಮೀಟರಿನ ತುಂಡುಗಳು, ಇಷ್ಟಿದ್ದರೆ ಬಹಳಷ್ಟು ದಿನಗಳು ಕಳೆಯುತ್ತವೆ. ದಾರ ಪಟಕ್ಕಿಂತ ಬಹಳ ಅಗ್ಗ.

ದಾರ ಬದಲಿಸುವಾಗ ಕೆಲವು ಎಚ್ಚರಿಕೆಗಳು ಅವಶ್ಯ:

1. ನಾಲ್ಕು ದಾರಗಳನ್ನೂ ಒಂದೇ ಗೂಟಕ್ಕೆ ಸಿಕ್ಕಿಸಿ ಸಮವಾಗಿ ಎಳೆದು ಉದ್ದವನ್ನು ತಾಳೆ ನೋಡಬೇಕು. ಹೆಚ್ಚು ಭಾರ ಹೊರುವ ಮುಂದಿನ ದಾರಗಳು ಕಾಲಕ್ರಮೇಣ ಹಿಗ್ಗುತ್ತವೆ. ಆಗ ಹಿಂದಿನವು ಗಿಡ್ಡವಾದಂತಾಗಿ ಪಟ ಹಿಂದಕ್ಕೆ ವಾಲಿ ಬೀಳತೊಡಗುತ್ತದೆ. ಪಟವನ್ನು ದೂರುವ ಮೊದಲು ದಾರವನ್ನು ಅಳೆಯಬೇಕು.

2. ಅಪಾಯದಲ್ಲಿ ಬಾರನ್ನು ಕಳಚಿಬಿಟ್ಟಾಗ ಪಟ ಒಂದೇ ದಾರದಲ್ಲಿ ನೇತಾಡಿ ಶಕ್ತಿ ಕಳೆದುಕೊಳ್ಳಬೇಕು. ಇದಕ್ಕೆ ಬಾರ್ ಆ ದಾರದ ಮೇಲೆ ಸಾಕಷ್ಟು ದೂರ ಜಾರಬೇಕಾಗುತ್ತದೆ. ದಾರವನ್ನು ತೀರ ಗಿಡ್ಡ ಮಾಡಿದಾಗ ಈ ವ್ಯವಸ್ಥೆ ಪೂರ್ಣವಾಗಿ ಕೆಲಸ ಮಾಡುತ್ತದೆಯೇ ಎಂದು ತರಬೇತುದಾರರ ಎದುರಿನಲ್ಲಿ, ದಡದ ಬಳಿ, ಮಂದಗಾಳಿಯಲ್ಲಿ ಪರೀಕ್ಷಿಸಿಕೊಳ್ಳಬೇಕು.

3. ಪಟ ಏಳದೇ ಹೋದರೆ ದಾರವನ್ನು ಬಾರಿಗೆ ಸುತ್ತಿಕೊಳ್ಳುತ್ತ ಪಟವನ್ನು ತಲುಪಿ, ಅದನ್ನೇ ತೆಪ್ಪದಂತೆ ಹಿಡಿದು ಕಾಯುವ ವಿದ್ಯೆ ಕೈವಶವಾಗಿರಬೇಕು. ದಾರ ಗಿಡ್ಡವಾದಷ್ಟೂ ಈ ಕೆಲಸ ಬೇಗ ಮುಗಿಯುತ್ತದೆ.

4. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಪಟ, ದಾರ, ನೀರಿನ ರೆಕ್ಕೆ ಮೂರನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಏನಾಯಿತೆಂಬುದು ತಿಳಿಯುವುದಿಲ್ಲ.

ತೇಲುತ್ತಿರುವವನಿಗೆ ಪಟದ ಎಳೆತ ಸುಳ್ಳು ಹೇಳಬಹುದು; ನೀರು ಹೇಳುವುದಿಲ್ಲ. ಮಧ್ಯಾಹ್ನ ಕಂಡ ಬಿಳಿ ನೊರೆಯ ತೆರೆಗಳು ಅಳಿಸಿಹೋದವೇ, ನೀರಿನ ಮೈ ಕನ್ನಡಿಯಂತಾಗುತ್ತಿದೆಯೇ, ಸಾಧಾರಣ ಹಲಗೆಯವರು ಒಬ್ಬೊಬ್ಬರಾಗಿ ದಡ ಸೇರುತ್ತಿದ್ದಾರೆಯೇ ಎಂದು ಆಗಾಗ ಕಣ್ಣಾಡಿಸುವುದನ್ನು ರೂಢಿಸಿಕೊಳ್ಳಬೇಕು. ಗಾಳಿ ಬಂದಾಗ ತೂರಿಕೊಳ್ಳಬೇಕೆಂಬ ಗಾದೆ ನಮ್ಮಲ್ಲಿದೆ. ಗಾಳಿ ಹೋಗುವ ಮುನ್ನ ಕಣ ಬಿಡಬೇಕೆಂಬುದನ್ನೂ ಅದಕ್ಕೆ ಸೇರಿಸಿಕೊಳ್ಳಬಹುದು.

ನಮ್ಮ ತಮ್ಮ ಮಗನ ಸಲಕರಣೆಯನ್ನು ಮಾರಿಬಿಡುವ ಮಾತಾಡಿದ್ದ. ನಾವು ಬೇಡವೆಂದೆವು. ಹುಡುಗ ಈಗ 9ರ ಹಗುರ ಪಟವೊಂದನ್ನು ಕೊಂಡಿದ್ದಾನೆ, ದಾರವನ್ನು 15 ಮೀಟರಿಗೆ ಇಳಿಸಿದ್ದಾನೆ. ನೀರಿಗಿಳಿಯುವ ಮುನ್ನವೂ ದಡ ಸೇರಿದ ಮೇಲೂ ತಾಯಿಗೆ ಕರೆ ಮಾಡುತ್ತಾನೆ. ಮುಂದಿನ ರಜೆಯಲ್ಲಿ ನಾವೂ ರಾಮೇಶ್ವರಕ್ಕೆ ಹೋಗಿ, ದಡದಲ್ಲಿ ಕುಳಿತು ಅವನ ಪಟವನ್ನು ನೋಡಬೇಕೆಂದಿದ್ದೇವೆ.